ಶಾಲೆ ಬಿಟ್ಟ ಮೇಲಿನ ಎರಡು ತಾಸು: ಕೇಂದ್ರ ಶುರು ಮಾಡಲು ದುಡ್ಡು ಇದೆ, ನಡೆಸಲು?

ಸರ್ಕಾರಿ ಶಾಲೆಯ ಕೊನೆಯ ಗಂಟೆ ಹೊಡೆಯುವುದು ನಾಲ್ಕು ಇಪ್ಪತ್ತರ ಸುಮಾರಿಗೆ. ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದ ಕಡೆ ಹತ್ತಿ ಬಿಡಿಸಲು ಹೋದ ತಾಯಿ ಮನೆ ಮುಟ್ಟುವುದು ಆರೂವರೆಗೆ. ಕೊಪ್ಪಳದ ಕಾರಟಗಿ, ಬಳ್ಳಾರಿಯ ಸಿರುಗುಪ್ಪದ ಕಡೆ ಭತ್ತದ ನಾಟಿಯ ಕಾಲದಲ್ಲೂ ಅಷ್ಟೇ. ನಡುವಿನ ಎರಡು ತಾಸು ಮಗು ಎಲ್ಲಿರುತ್ತದೆ? ಕಾಲುವೆ ದಂಡೆಯಲ್ಲಿ, ರಸ್ತೆಯಲ್ಲಿ, ಇಲ್ಲವೇ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಮನೆಯ ಕಟ್ಟೆಯ ಮೇಲೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ದೊಡ್ಡ ಹುಡುಗಿ ಶಾಲೆಗೇ ಬರುವುದಿಲ್ಲ.

ಈ ಎರಡು ತಾಸಿಗೆ ಊರಲ್ಲೊಂದು ಕೇಂದ್ರ ಮಾಡಬೇಕೆಂದು ಗ್ರಾಮ ಪಂಚಾಯಿತಿ ಸದಸ್ಯರು, ಸಂಜೀವಿನಿ ಒಕ್ಕೂಟದ (ಸ್ವಸಹಾಯ ಗುಂಪುಗಳ ಒಕ್ಕೂಟ) ಹೆಣ್ಣುಮಕ್ಕಳು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಕೇಳುತ್ತಲೇ ಇರುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಸರ್ಕಾರದಿಂದ ಏನು ಸಿಗುತ್ತದೆ? ಆರಂಭದ ದುಡ್ಡು ಹುಡುಕಿದರೆ ಸಿಗುತ್ತದೆ. ಆರಂಭವಾದ ಮೇಲೆ ಪ್ರತಿ ತಿಂಗಳ ಐದನೇ ತಾರೀಕಿಗೆ ಕೊಡಬೇಕಾದ ಗೌರವಧನಕ್ಕೆ ಮಾತ್ರ ಯಾವ ಅನುದಾನವೂ ಸುಲಭವಾಗಿ ಬಾಯಿ ತೆರೆಯುವುದಿಲ್ಲ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು: ಹದಿಮೂರನೇ ತಿಂಗಳ ಸಂಬಳ ಎಲ್ಲಿಂದ ಎಂಬುದು ಮೊದಲು, ಗೋಡೆಗೆ ಯಾವ ಬಣ್ಣ ಎಂಬುದು ಆಮೇಲೆ.

ಆರು ವರ್ಷದ ಬೇಲಿ

ನಮ್ಮ ಯೋಜನೆಗಳೆಲ್ಲ ಆರು ಎಂಬ ಅಂಕಿಗೆ ಬಂದು ನಿಲ್ಲುತ್ತವೆ. ಅಂಗನವಾಡಿ ಆರರವರೆಗೆ. ಕೇಂದ್ರ ಸರ್ಕಾರದ ಮಹಿಳಾ ಕಾರ್ಯಕ್ರಮ ಮಿಷನ್ ಶಕ್ತಿಯ ಕೆಳಗಿರುವ ‘ಪಾಲ್ನಾ’ ಶಿಶುಪಾಲನಾ ಯೋಜನೆ ಆರು ತಿಂಗಳಿಂದ ಆರು ವರ್ಷ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಣ್ಣಾಳು ಇದ್ದಲ್ಲಿ ಶಿಶುವಿಹಾರ ಇರಬೇಕಿತ್ತು, 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು. ಎರಡರಲ್ಲೂ ಮಗುವಿನ ವಯಸ್ಸು ಆರರ ಒಳಗೆ. ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಕೂಡ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೇ.

ಆರಾದ ಮೇಲೆ ಮಗು ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಹೋಗುತ್ತದೆ. ಅವರ ಲೆಕ್ಕ ಗಂಟೆ ಹೊಡೆಯುವವರೆಗೆ. ಹೀಗಾಗಿ ‘ಶಾಲಾ ಮಕ್ಕಳ ಆರೈಕೆ ಕೇಂದ್ರ’ ಎಂದು ಅರ್ಜಿ ಬರೆದರೆ ಅದು ತಾಲ್ಲೂಕು ಕೇಂದ್ರದಲ್ಲಿ ಚೆಂಡಾಟಕ್ಕೆ ಬೀಳುತ್ತದೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿ ‘ಆರೈಕೆ ನಮ್ಮದು, ವಯಸ್ಸು ನಮ್ಮದಲ್ಲ’ ಎನ್ನುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ‘ವಯಸ್ಸು ನಮ್ಮದು, ವೇಳೆ ನಮ್ಮದಲ್ಲ’ ಎನ್ನುತ್ತದೆ. ಇಬ್ಬರೂ ನಿಯಮದ ಪ್ರಕಾರ ಸರಿ. ಅಮೆರಿಕದಲ್ಲಿ ಶಾಲೆಯ ಹೊರಗಿನ ವೇಳೆಗೆಂದೇ ಅಲ್ಲಿನ ಕೇಂದ್ರ ಸರ್ಕಾರದ ಒಂದು ಅನುದಾನವಿದೆ. ‘21ನೇ ಶತಮಾನದ ಸಮುದಾಯ ಕಲಿಕಾ ಕೇಂದ್ರ’ ಎಂದು ಅದರ ಹೆಸರು. ಒಂದು ಅನುದಾನ 50,000 ಡಾಲರ್‌ಗಿಂತ ಕಡಿಮೆ ಇರುವಂತಿಲ್ಲ, ಅವಧಿ 3ರಿಂದ 5 ವರ್ಷ. ನಮ್ಮಲ್ಲಿ ಈ ಹೆಸರಿನ ಲೆಕ್ಕ ಶೀರ್ಷಿಕೆಯೇ (ಬಜೆಟ್‌ನಲ್ಲಿ ಹಣ ಇಡುವ ಬಾಬತ್ತೇ) ಇಲ್ಲ. ಆದ್ದರಿಂದ ಒಂದು ದೊಡ್ಡ ಅರ್ಜಿಯ ಬದಲು, ಪ್ರತಿ ಕೆಲಸವನ್ನೂ ಅದಕ್ಕೆ ಒಪ್ಪುವ ಶೀರ್ಷಿಕೆಯ ಕೆಳಗೆ ಬೇರೆ ಬೇರೆಯಾಗಿ ತರಬೇಕು.

ಮೊದಲು ಎಣಿಕೆ

ಹಣದ ಮಾತಿಗೆ ಮುಂಚೆ ಮಕ್ಕಳನ್ನು ಎಣಿಸಿ. ಶಾಲೆಯ ಮುಖ್ಯೋಪಾಧ್ಯಾಯರ ಬಳಿ ಸ್ಯಾಟ್ಸ್ (ಸರ್ಕಾರದ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ) ದಾಖಲಾತಿ ಇರುತ್ತದೆ, ಅದರಿಂದ 6ರಿಂದ 14ರ ಒಟ್ಟು ಸಂಖ್ಯೆ ಸಿಗುತ್ತದೆ. ಆದರೆ ಕೇಂದ್ರಕ್ಕೆ ಬೇಕಾದ ಸಂಖ್ಯೆ ಅದಲ್ಲ. ಮನೆ ಮನೆಗೆ ಹೋಗಿ ಮೂರೇ ಪ್ರಶ್ನೆ ಕೇಳಿದರೆ ಸಾಕು: ಸಂಜೆ ನಾಲ್ಕರಿಂದ ಆರೂವರೆವರೆಗೆ ಮನೆಯಲ್ಲಿ ದೊಡ್ಡವರು ಯಾರಾದರೂ ಇರುತ್ತಾರಾ? ಯಾವ ತಿಂಗಳಲ್ಲಿ ಇರುವುದಿಲ್ಲ? ಆರರೊಳಗಿನ ತಮ್ಮ ತಂಗಿಯರನ್ನು ಈ ಮಗು ನೋಡಿಕೊಳ್ಳುತ್ತದಾ?

ಎರಡನೇ ಪ್ರಶ್ನೆಗೆ ಬರುವ ಉತ್ತರವನ್ನು ತಿಂಗಳವಾರು ಚೌಕಟ್ಟಿನಲ್ಲಿ ಬರೆದಿಡಿ, ಅರ್ಜಿಯ ಜೀವವೇ ಅದು. ನೀರಾವರಿ ಊರಿನಲ್ಲಿ ನಾಟಿ, ಕೊಯ್ಲಿನ ತಿಂಗಳುಗಳಲ್ಲಿ ಸಂಖ್ಯೆ ಏರುತ್ತದೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಮಳೆಯಾಶ್ರಿತ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಶುರು; ಕೆಲವು ಮಕ್ಕಳು ಅಪ್ಪ ಅಮ್ಮನ ಜತೆ ಬೆಂಗಳೂರು, ಗೋವಾ, ಪುಣೆಗೆ ಹೋಗುತ್ತಾರೆ, ಉಳಿದವರು ಅಜ್ಜಿಯ ಬಳಿ. ಇದನ್ನು ಮೊದಲೇ ಬರೆದಿಡದಿದ್ದರೆ, ಫೆಬ್ರವರಿಯಲ್ಲಿ ತಪಾಸಣೆಗೆ ಬಂದ ಅಧಿಕಾರಿ ಹಾಜರಿ ಪುಸ್ತಕದಲ್ಲಿ 40ರ ಬದಲು 18 ನೋಡಿ ‘ಬೇಡಿಕೆ ಇಲ್ಲ’ ಎಂದು ಷರಾ ಬರೆದು ಹೋಗುತ್ತಾರೆ. ಹಾಗೆ ಉಳಿದ 18ರಲ್ಲಿ ಹೆಚ್ಚಿನವರು ಅಜ್ಜಿಯ ಬಳಿ ಬಿಟ್ಟುಹೋದ ಮಕ್ಕಳು, ಕೇಂದ್ರ ಅತಿ ಅಗತ್ಯವಾಗಿ ಬೇಕಾಗಿರುವುದೇ ಅವರಿಗೆ.

ಮೂರನೇ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಹೆಚ್ಚಿದ್ದರೆ, ಕೂಸಿನ ಮನೆ ಅಥವಾ ಅಂಗನವಾಡಿಯ ಪಕ್ಕದ ಕೋಣೆಯನ್ನೇ ಆರಿಸಿ. ಐದು ವರ್ಷದ ತಮ್ಮನಿಗೆ ಒಳಗೆ ಜಾಗವಿಲ್ಲ ಎಂದರೆ ಒಂಬತ್ತರ ಅಕ್ಕನೂ ಬರುವುದಿಲ್ಲ.

ಖರ್ಚಿನ ಪಟ್ಟಿ

ಲೆಕ್ಕಕ್ಕೆ 40 ಮಕ್ಕಳನ್ನು ಇಟ್ಟುಕೊಳ್ಳೋಣ. 20 ಅಡಿಗೆ 20 ಅಡಿಯ ಒಂದು ಶಾಲಾ ಕೋಣೆ ಎಂದರೆ 400 ಚದರಡಿ, ಮಗುವಿಗೆ 10 ಚದರಡಿ. ಜಗುಲಿ ಇದ್ದರೆ ಉಸಿರಾಟಕ್ಕೆ ಜಾಗವಾಗುತ್ತದೆ. ಹೊಸ ಕಟ್ಟಡದ ಆಸೆ ಬಿಡಿ. ನಿವೇಶನ, ಅಂದಾಜುಪಟ್ಟಿ, ಟೆಂಡರ್ ಎನ್ನುತ್ತ ಎರಡು ವರ್ಷ ಹೋಗುತ್ತದೆ, ಮೇಲಾಗಿ ಸಿಗುವ ಜಾಗ ಊರ ಹೊರಗಿನದೇ ಆಗಿರುತ್ತದೆ.

ಇರುವ ಕೋಣೆಯನ್ನು ಸಿದ್ಧ ಮಾಡಲು ಅಂದಾಜು ಹೀಗೆ. ನೆಲ, ಬಾಗಿಲು, ಕಿಟಕಿ ಜಾಲರಿ, ಸುಣ್ಣ ಬಣ್ಣಕ್ಕೆ 30,000 ರೂಪಾಯಿ. ವೈರಿಂಗ್, ಮೂರು ಫ್ಯಾನ್, ನಾಲ್ಕು ಎಲ್‌ಇಡಿ, ಕರೆಂಟು ಹೋದಾಗ ಉರಿಯುವ ಒಂದು ಚಾರ್ಜಿಂಗ್ ದೀಪಕ್ಕೆ 18,000. 500 ಲೀಟರ್ ಟ್ಯಾಂಕ್, ಶೌಚಾಲಯಕ್ಕೆ ನೀರಿನ ಪೈಪು, ಕೈ ತೊಳೆಯಲು ಸಾಲಾಗಿ ನಾಲ್ಕು ನಲ್ಲಿ, 15,000. ಜಮಖಾನೆ ಮತ್ತು ನೆಲದ ಮೇಲೆ ಕೂತು ಬರೆಯುವ ಹತ್ತು ಕುಳ್ಳ ಡೆಸ್ಕು, 17,000. ಬೀಗವಿರುವ ಕಬ್ಬಿಣದ ಬೀರು 9,000. 45 ತಟ್ಟೆ, 45 ಲೋಟ, 10 ಲೀಟರ್ ಕುಕ್ಕರ್, ಒಲೆ, ಸಿಲಿಂಡರ್ ಠೇವಣಿಗೆ 16,000. ಪುಸ್ತಕ, ಕೇರಂ, ಚೆಸ್, ಹಗ್ಗ, ಚೆಂಡು, ಕಪ್ಪು ಹಲಗೆಗೆ 15,000. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮತ್ತು 4 ಕೆ.ಜಿ. ಅಗ್ನಿಶಾಮಕಕ್ಕೆ 3,500. ನಾಲ್ವರು ಹೆಣ್ಣುಮಕ್ಕಳಿಗೆ ಐದು ದಿನದ ತರಬೇತಿಗೆ 4,500. ಒಟ್ಟು 1,28,000. ದರ ಊರಿಂದ ಊರಿಗೆ ಹೆಚ್ಚು ಕಡಿಮೆ ಆಗುತ್ತದೆ, ಪ್ರಮಾಣ ಅಷ್ಟಾಗಿ ಬದಲಾಗುವುದಿಲ್ಲ.

ಇನ್ನು ತಿಂಗಳ ಖರ್ಚು. 20 ಮಕ್ಕಳಿಗೆ ಒಬ್ಬರಂತೆ ಇಬ್ಬರು: ಮುಖ್ಯ ಆರೈಕೆದಾರರಿಗೆ 5,000, ಸಹಾಯಕಿಗೆ 3,500. ಉಪಾಹಾರ 22 ದಿನಕ್ಕೆ 4,200. ಗ್ಯಾಸ್ 400, ಕರೆಂಟು 350, ನೀರು 220, ಸಾಬೂನು, ಫಿನೈಲ್, ಕಾಗದ, ಪೆನ್ಸಿಲ್‌ಗೆ 500. ಕೂಡಿದರೆ 14,170. ಹತ್ತು ತಿಂಗಳಿಗೆ 1,41,700.

ಆರಂಭದ ಇಡೀ ಖರ್ಚಿಗಿಂತ ಮೊದಲ ವರ್ಷದ ನಡೆಸುವ ಖರ್ಚೇ ದೊಡ್ಡದು. ಮೂರು ವರ್ಷಕ್ಕೆ ಅದು ಮೂರು ಪಟ್ಟಿಗೂ ಮೀರುತ್ತದೆ. ಅರ್ಜಿ ಹಾಕುವವರಲ್ಲಿ ಬಹಳ ಮಂದಿ ಮೊದಲ ಅಂಕಿಯನ್ನಷ್ಟೇ ಬರೆಯುತ್ತಾರೆ.

ಶನಿವಾರವನ್ನು ಇದರಲ್ಲಿ ಸೇರಿಸಿಲ್ಲ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದೊಳಗೆ ಬಿಡುತ್ತದೆ; ತಾಯಿ ಬರುವುದು ಅದೇ ಸಂಜೆಗೆ. ಅಂದು ಬೇಕಾಗುವುದು ಎರಡು ತಾಸಲ್ಲ, ಆರು ತಾಸು. ಇಬ್ಬರಿಗೆ ಹೆಚ್ಚುವರಿ 300, ಉಪಾಹಾರಕ್ಕೆ 190 ಎಂದು ಹಿಡಿದರೂ ತಿಂಗಳಿಗೆ 2,000 ಸೇರುತ್ತದೆ. ಮೊದಲ ಆರು ತಿಂಗಳು ಶನಿವಾರ ಬಿಟ್ಟು ನಡೆಸಿ ನೋಡುವುದು ಜಾಣತನ, ಆದರೆ ಅರ್ಜಿಯಲ್ಲಿ ಅಂಕಿ ಇರಲಿ.

ಯಾವ ದುಡ್ಡು ಯಾವುದಕ್ಕೆ

ಹಣಕಾಸು ಆಯೋಗದ ಅನುದಾನದಿಂದ ಶುರು ಮಾಡೋಣ, ಪ್ರತಿ ಪಂಚಾಯಿತಿಗೂ ಬರುವುದು ಅದೇ. 15ನೇ ಆಯೋಗದ ಲೆಕ್ಕದಲ್ಲಿ ಶೇ 60 ನಿರ್ಬಂಧಿತ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಅನಿರ್ಬಂಧಿತ, ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದು, ಆದರೆ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಮುಟ್ಟುವಂತಿಲ್ಲ. ಈ ಒಂದು ಸಾಲು ಗೊತ್ತಿದ್ದರೆ ಅರ್ಧ ಗೊಂದಲ ತೀರುತ್ತದೆ. ಟ್ಯಾಂಕು, ನಲ್ಲಿ, ಶೌಚಾಲಯದ ನೀರಿನ 15,000ವನ್ನು ನಿರ್ಬಂಧಿತದಲ್ಲಿ ಹಾಕಿ. ಕೋಣೆ ದುರಸ್ತಿ, ವೈರಿಂಗ್‌ನ 48,000 ಅನಿರ್ಬಂಧಿತದಲ್ಲಿ. ಗೌರವಧನ ಎರಡರಲ್ಲೂ ಬೇಡ. 15ನೇ ಆಯೋಗದ ಅವಧಿ 2026ರ ಮಾರ್ಚ್‌ವರೆಗಿನದು, ಅಲ್ಲಿಂದ ಮುಂದಿನದು 16ನೇ ಆಯೋಗದ ಲೆಕ್ಕ. ಕ್ರಿಯಾಯೋಜನೆ ಬರೆಯುವ ಮುನ್ನ ಚಾಲ್ತಿಯಲ್ಲಿರುವ ಮಾರ್ಗಸೂಚಿಯ ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಪಡೆದು, ಸಂಬಳ ಕುರಿತ ಸಾಲನ್ನು ನೀವೇ ಓದಿ.

ಒಂದು ಎಚ್ಚರಿಕೆ. ಬೇರೆ ಬೇರೆ ಸ್ವಭಾವದ ಕೆಲಸಗಳನ್ನು ಬೇರೆ ಶೀರ್ಷಿಕೆಯಲ್ಲಿ ಹಾಕುವುದು ತಪ್ಪಲ್ಲ. ಒಂದೇ ದುರಸ್ತಿಯನ್ನು ಟೆಂಡರ್ ತಪ್ಪಿಸಲು ಮೂರು ತುಂಡು ಮಾಡುವುದು ತಪ್ಪು. ಲೆಕ್ಕ ಪರಿಶೋಧನೆಯಲ್ಲಿ ಮೊದಲು ಸಿಕ್ಕಿಬೀಳುವುದೇ ಅದು, ಮತ್ತು ಆಕ್ಷೇಪಣೆಯ ಹಣ ವಸೂಲಾಗುವುದು ಸಹಿ ಹಾಕಿದವರಿಂದ.

ಇದಾವುದೂ ಗ್ರಾಮ ಸಭೆ ದಾಟದೆ ಆಗದು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಸಭೆಗಳು ಅಕ್ಟೋಬರ್ 2ರಿಂದ ಶುರುವಾಗುವುದು ವಾಡಿಕೆ. ವಾರ್ಡ್ ಸಭೆಯಲ್ಲಿ ಬೇಡಿಕೆ ಬರೆಸಿ, ಗ್ರಾಮ ಸಭೆಯ ನಡವಳಿಯಲ್ಲಿ ಸೇರಿಸಿ, ಅದು ಇ-ಗ್ರಾಮ ಸ್ವರಾಜ್ ಪೋರ್ಟಲ್‌ಗೆ ಏರಿದೆಯೇ ಎಂದು ನೋಡಿ. ನಡವಳಿಯಲ್ಲಿದ್ದು ಪೋರ್ಟಲ್‌ನಲ್ಲಿ ಇಲ್ಲದ ಕೆಲಸಕ್ಕೆ ಬಿಲ್ಲು ಆಗುವುದಿಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ‘ಸಂಜೆ ಕೂಡಲು ಜಾಗ ಬೇಕು’ ಎಂದು ಹೇಳಿದ್ದು ನಡವಳಿಯಲ್ಲಿ ಬಂದರೆ ಆ ಪುಟವನ್ನು ಅರ್ಜಿಗೆ ಲಗತ್ತಿಸಿ, ಅದಕ್ಕೆ ತೂಕವಿದೆ.

ಎರಡನೆಯದು ಅರಿವು ಕೇಂದ್ರ, ಅಂದರೆ ಪಂಚಾಯಿತಿಯ ಗ್ರಂಥಾಲಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18ರ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರು ಜಿಲ್ಲೆಗಳ ಪಂಚಾಯಿತಿಗಳಲ್ಲಿ ಶಾಲಾ ವಯಸ್ಸಿನ ಮಕ್ಕಳಿಗೆ ಶಾಲೆಯ ಹೊರಗೆ ಅಧಿಕೃತವಾಗಿ ತೆರೆದಿರುವ ಬಾಗಿಲು ಇದೊಂದೇ ಎನ್ನಬಹುದು. ಮನೆ ಕಂದಾಯದ ಜತೆ ಶೇ 6 ಗ್ರಂಥಾಲಯ ಕರ ವಸೂಲಾಗುತ್ತದೆ: ವರ್ಷಕ್ಕೆ 6 ಲಕ್ಷ ಕಂದಾಯ ಬರುವ ಪಂಚಾಯಿತಿಯಲ್ಲಿ 36,000. ಪುಸ್ತಕ, ಕುಳ್ಳ ಡೆಸ್ಕು, ಚೆಸ್, ಕೇರಂ ಇದರಲ್ಲಿ ಕೇಳಿ. ಇದಕ್ಕಿಂತ ದೊಡ್ಡ ಲಾಭ ಮೇಲ್ವಿಚಾರಕರದು. ಅವರ ವೇತನ ಈಗಾಗಲೇ ಬರುತ್ತಿದೆ. ಅರಿವು ಕೇಂದ್ರ ತೆರೆಯುವ ವೇಳೆಯನ್ನು ಸಂಜೆ ನಾಲ್ಕರಿಂದ ಆರೂವರೆ ಒಳಗೊಳ್ಳುವಂತೆ ಬದಲಿಸಲು ಪಂಚಾಯಿತಿ ಠರಾವು ಮತ್ತು ತಾಲ್ಲೂಕು ಪಂಚಾಯಿತಿಯ ಒಪ್ಪಿಗೆ ಪಡೆದರೆ, ತಿಂಗಳ 5,000 ಉಳಿಯಿತು. 40 ಮಕ್ಕಳನ್ನು ಅವರೊಬ್ಬರ ತಲೆಗೆ ಕಟ್ಟುವುದು ಮಾತ್ರ ಅನ್ಯಾಯ. 3,500ರ ಸಹಾಯಕಿ ಇರಲೇಬೇಕು.

ಗಣಿ ಬಾಧಿತ ಊರುಗಳಿಗೆಂದು ಗಣಿ ನಡೆಸುವವರಿಂದ ಪಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಬಳ್ಳಾರಿಯಲ್ಲಿ, ಅದರಲ್ಲೂ ಸಂಡೂರು ತಾಲ್ಲೂಕಿನಲ್ಲಿ ದೊಡ್ಡ ಮಾತು. ರಾಯಚೂರಿನಲ್ಲಿ ಹಟ್ಟಿ ಚಿನ್ನದ ಗಣಿಯ ಸುತ್ತಣ ಹಳ್ಳಿಗಳಿಗೂ ಇದು ಸಂಬಂಧಿಸಿದ್ದು. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಗಣಿಯಿಂದ 15 ಕಿ.ಮೀ. ಒಳಗಿನದು ನೇರ ಬಾಧಿತ ಪ್ರದೇಶ, 25 ಕಿ.ಮೀ. ವರೆಗಿನದು ಪರೋಕ್ಷ, ಕನಿಷ್ಠ ಶೇ 70 ಹಣ ಹೆಚ್ಚಿನ ಆದ್ಯತೆಯ ವಲಯಗಳಿಗೆ. ಶಿಕ್ಷಣ ಮತ್ತು ಮಹಿಳಾ-ಮಕ್ಕಳ ಕಲ್ಯಾಣ ಎರಡೂ ಆ ಪಟ್ಟಿಯಲ್ಲಿವೆ. ಅರ್ಜಿಯ ಮೊದಲ ಪುಟದಲ್ಲೇ ನಿಮ್ಮ ಊರು ಯಾವ ಗಣಿಯಿಂದ ಎಷ್ಟು ಕಿ.ಮೀ. ಎಂದು ನಕ್ಷೆಯೊಂದಿಗೆ ಬರೆಯಿರಿ. ದೂರ ಬರೆಯದ ಅರ್ಜಿ ಮೇಜಿನ ಮೇಲೆಯೇ ಉಳಿಯುತ್ತದೆ. ಒಂದೇ ಊರಿನ ಒಂದು ಲಕ್ಷದ ಕೆಲಸಕ್ಕೆ ಈ ದಾರಿ ಬೇಡ, ಹತ್ತಾರು ಊರು ಸೇರಿ ಒಂದೇ ಪ್ರಸ್ತಾವನೆಯಾಗಿ ಜಿಲ್ಲಾ ಪಂಚಾಯಿತಿಯ ಮೂಲಕ ಹೋದರೆ ಗಮನ ಸಿಗುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಯ ವರ್ಷದ 2 ಕೋಟಿ, ಸಂಸದರ ನಿಧಿಯ 5 ಕೋಟಿ, ಇವೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯ ದುಡ್ಡು: ಗೋಡೆ, ಚಾವಣಿ, ಕಾಂಪೌಂಡಿಗೆ ಬರುತ್ತದೆ. ಸಂಸದರ ನಿಧಿಯಂತೂ ಬಾಳಿಕೆಯ ಸಮುದಾಯ ಆಸ್ತಿಗೆ ಮಾತ್ರ. ಕೋಣೆಯೇ ಇಲ್ಲದ ಊರಾದರೆ ಆ ಬಾಗಿಲು ತಟ್ಟಿ, ಇಲ್ಲವಾದರೆ ಓಡಾಟ ಉಳಿಸಿಕೊಳ್ಳಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಸರ್ಕಾರದ್ದಲ್ಲವಾದರೂ ಪಾತ್ರೆ, ಬೀರು, ಆಟದ ಸಾಮಾನು, ತರಬೇತಿಗೆ ಸರಿಹೊಂದುತ್ತದೆ. ಸಂಸ್ಥೆಯೊಂದರ ಮೂಲಕ ಪಡೆಯುವುದಾದರೆ ಆ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ ಇರಬೇಕು, 2021ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಇನ್ನು ಗೌರವಧನ. 8,500ರಂತೆ ಹತ್ತು ತಿಂಗಳಿಗೆ 85,000. ಇದು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದಲೇ ಬರಬೇಕು: ಮನೆ ಕಂದಾಯ, ಮೊಬೈಲ್ ಟವರ್, ರೈಸ್ ಮಿಲ್ಲು, ಸಂತೆ ಹರಾಜು, ಅಂಗಡಿ ಬಾಡಿಗೆ. ಪಂಚಾಯಿತಿ ಬಜೆಟ್ ಮಾರ್ಚ್ ಮುಗಿಯುವ ಮುನ್ನ ಸಿದ್ಧವಾಗುತ್ತದೆ, ಅದರಲ್ಲಿ ಈ 85,000ಕ್ಕೆ ಪ್ರತ್ಯೇಕ ಸಾಲು ಇಲ್ಲದಿದ್ದರೆ ಉಳಿದ ಯಾವ ಅರ್ಜಿಯನ್ನೂ ಹಾಕಬೇಡಿ. ಕಠಿಣ ಮಾತು ಅನಿಸಬಹುದು. ಬಣ್ಣ ಬಳಿದು, ಉದ್ಘಾಟನೆಯ ಕಲ್ಲು ನೆಟ್ಟು, ಎಂಟನೇ ತಿಂಗಳಿಗೆ ಬೀಗ ಬಿದ್ದ ಕೋಣೆ ಮುಂದಿನ ಹತ್ತು ವರ್ಷ ‘ಇಲ್ಲಿ ಮಾಡಿ ನೋಡಿಯಾಗಿದೆ’ ಎಂಬ ಉತ್ತರವಾಗಿ ನಿಲ್ಲುತ್ತದೆ. 85,000 ಆಗದು ಎಂದಾದರೆ 20 ಮಕ್ಕಳು, ಅರಿವು ಕೇಂದ್ರ, ಒಬ್ಬ ಸಹಾಯಕಿ: 35,000ದಲ್ಲಿ ವರ್ಷ ದಾಟುತ್ತದೆ.

ಕೂಸಿನ ಮನೆಯ ಮಾದರಿಯಲ್ಲಿ ಉದ್ಯೋಗ ಖಾತ್ರಿ ಕೂಲಿಯಿಂದ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಆರೈಕೆದಾರರು ಸರದಿಯ ಮೇಲೆ ಬರುತ್ತಾರೆ, ಒಂದು ಕುಟುಂಬದ ದಿನಗಳು ಮುಗಿದರೆ ಇನ್ನೊಬ್ಬರು. ಶಾಲಾ ವಯಸ್ಸಿನ ಮಕ್ಕಳಿಗೆ ಆ ಲೆಕ್ಕ ಅನ್ವಯಿಸುವುದೂ ಇಲ್ಲ, ಸರದಿ ಒಗ್ಗುವುದೂ ಇಲ್ಲ. ಹತ್ತು ವರ್ಷದ ಹುಡುಗ ಹೊಸ ಮುಖವನ್ನು ಮೂರೇ ದಿನದಲ್ಲಿ ಅಳೆದುಬಿಡುತ್ತಾನೆ.

ಉಪಾಹಾರ

ಮಧ್ಯಾಹ್ನದ ಬಿಸಿಯೂಟ ಉಂಡ ಮಗುವಿಗೆ ನಾಲ್ಕೂವರೆಗೆ ಹಸಿವಾಗಿರುತ್ತದೆ. ಬಿಸ್ಕತ್ತು ಪೊಟ್ಟಣ ಅಗ್ಗ ಮತ್ತು ಸುಲಭ, ಆದರೆ ಬೇಡ. 40 ಮಕ್ಕಳಿಗೆ: ಸೋಮವಾರ, ಗುರುವಾರ ಹೆಸರು ಅಥವಾ ಕಡಲೆ ಗುಗ್ಗರಿ, ಒಣ ಕಾಳು 1.2 ಕೆ.ಜಿ. ಹಿಂದಿನ ರಾತ್ರಿ ನೆನೆಹಾಕಬೇಕು. ಮಂಗಳವಾರ ಮಂಡಾಳ (ಮಂಡಕ್ಕಿ) ಒಗ್ಗರಣೆ, 1.6 ಕೆ.ಜಿ. ಮಂಡಾಳ, ಪುಟಾಣಿ ಪುಡಿ, ಉಳ್ಳಾಗಡ್ಡಿ. ಮಿರ್ಚಿ ಕೇಳುತ್ತಾರೆ, ಕೊಡಬೇಡಿ, ಎಣ್ಣೆಯ ಬಾಣಲೆ ಮಕ್ಕಳಿರುವ ಕೋಣೆಯ ಹತ್ತಿರ ಇರಲೇಬಾರದು. ಬುಧವಾರ ಹುರಿದ ಶೇಂಗಾ 1.2 ಕೆ.ಜಿ., ಬೆಲ್ಲ 400 ಗ್ರಾಂ. ಶುಕ್ರವಾರ ತಲಾ ಒಂದು ಬಾಳೆಹಣ್ಣು. ದಿನಕ್ಕೆ ಸರಾಸರಿ 190 ರೂಪಾಯಿ, ಮಗುವಿಗೆ ಐದು ರೂಪಾಯಿಯೊಳಗೆ.

ಶೇಂಗಾದಲ್ಲಿ ಕಪ್ಪಾದ, ಮುದುಡಿದ, ಬೂಷ್ಟು ಹಿಡಿದ ಬೀಜ ಆರಿಸಿ ಎಸೆಯಿರಿ. ಆ ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ. ಶೇಂಗಾ ತಿಂದರೆ ಮೈ ಮೇಲೆ ಗಂಧೆ ಏಳುವ ಮಕ್ಕಳು ಇದ್ದಾರೆಯೇ ಎಂದು ದಾಖಲಾತಿಯ ದಿನವೇ ಕೇಳಿ ಬರೆದುಕೊಳ್ಳಿ.

ಪೋಷಕರಿಂದ ತಿಂಗಳಿಗೆ 50 ರೂಪಾಯಿ ಎಂದರೆ ಕಾಗದದ ಮೇಲೆ 2,000. ಕೈಗೆ ಬರುವುದು ಅದರ ಅರ್ಧ, ಗುಳೆ ಕಾಲದಲ್ಲಿ ಸೊನ್ನೆ. ಅದಕ್ಕಿಂತ ಸುಗ್ಗಿಯಲ್ಲಿ ಕಾಳು ಕೇಳುವುದು ಒಳ್ಳೆಯದು. ಮನೆಗೆ 2 ಕೆ.ಜಿ. ಹೆಸರು ಅಥವಾ ಕಡಲೆ ಎಂದರೆ 40 ಮನೆಯಿಂದ 80 ಕೆ.ಜಿ. ವಾರಕ್ಕೆ ಎರಡು ಗುಗ್ಗರಿಯಂತೆ 40 ವಾರಕ್ಕೆ ಬೇಕಾಗುವುದು 96 ಕೆ.ಜಿ. ಹೊಲವಿಲ್ಲದ ಮನೆಯವರನ್ನು ಕೇಳಬೇಡಿ, ಬೆಳೆದವರು ಆ ಪಾಲನ್ನೂ ತುಂಬುತ್ತಾರೆ. ಕಾಳನ್ನು ಎರಡು ದಿನ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಒಣ ಎಲೆ ಹಾಕಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ; ಚೀಲದಲ್ಲಿಟ್ಟರೆ ಮೃಗಶಿರದ ಹೊತ್ತಿಗೆ ನುಸಿ ಹಿಡಿದಿರುತ್ತದೆ.

ಬಿಸಿಯೂಟದ ದಾಸ್ತಾನಿನಿಂದ ಒಂದು ಹಿಡಿ ಬೇಳೆಯನ್ನೂ ತರಬೇಡಿ. ಅಡುಗೆಯವರೇ ಸಂಜೆಯ ಸಹಾಯಕಿಯಾಗಿದ್ದರೆ ಈ ಗೆರೆ ಸುಲಭವಾಗಿ ಅಳಿಸಿಹೋಗುತ್ತದೆ, ಉತ್ತರ ಕೊಡಬೇಕಾಗುವುದು ಮುಖ್ಯೋಪಾಧ್ಯಾಯರು. ಎರಡು ಬೀರು, ಎರಡು ಬೀಗ, ಎರಡು ದಾಸ್ತಾನು ಪುಸ್ತಕ. ಒಕ್ಕೂಟದ ಗುಂಪೊಂದು ಉಪಾಹಾರ ಮಾಡಿ ತಂದುಕೊಡುವುದಾದರೆ ಆ ಗುಂಪಿಗೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, ಸಣ್ಣ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ.

ಕುಡಿಯುವ ನೀರು ಬೋರಿನದ್ದು ಬೇಡ. ರಾಯಚೂರು, ಕೊಪ್ಪಳದ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ, ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಿತಿ ಲೀಟರಿಗೆ 1 ಮಿ.ಗ್ರಾಂ., ಬೇರೆ ನೀರೇ ಇಲ್ಲದಿದ್ದರೆ 1.5. ಊರಿನ ಶುದ್ಧ ನೀರಿನ ಘಟಕದಿಂದ ದಿನಕ್ಕೆ 20 ಲೀಟರಿನ ಎರಡು ಕ್ಯಾನು ಸಾಕು.

ಎಲ್ಲಿ ಕೆಡುತ್ತದೆ

ಶೌಚಾಲಯದ ಕೀಲಿ. ನಗಬೇಡಿ. ಶಾಲೆ ಬಿಟ್ಟ ಕೂಡಲೇ ಶೌಚಾಲಯಕ್ಕೆ ಬೀಗ ಬೀಳುತ್ತದೆ, ಕೀಲಿ ಮುಖ್ಯೋಪಾಧ್ಯಾಯರ ಜತೆ ಬಸ್ಸು ಹತ್ತುತ್ತದೆ. ಆರನೇ, ಏಳನೇ ತರಗತಿಯ ಹುಡುಗಿಯರು ಎರಡು ದಿನ ಬಂದು ಮೂರನೇ ದಿನ ನಿಲ್ಲಿಸುವುದಕ್ಕೆ ಕಾರಣ ಹುಡುಕಿದರೆ ಸಿಗುವುದು ಇದು. ಎಸ್‌ಡಿಎಂಸಿ ಠರಾವಿನಲ್ಲೇ ‘ಕೋಣೆ, ಶೌಚಾಲಯ ಮತ್ತು ನೀರಿನ ವಾಲ್ವಿನ ಎರಡನೇ ಕೀಲಿ ಕೇಂದ್ರದವರ ಬಳಿ’ ಎಂದು ಬರೆಸಿ, ಬಿಇಒ ಅನುಮತಿ ಪತ್ರದಲ್ಲೂ ಅದೇ ಸಾಲು ಬರಲಿ. ಬೆಳಿಗ್ಗೆ ಶೌಚಾಲಯ ಗಲೀಜಾಗಿದ್ದರೆ ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಸಂಜೆ ಹೊರಡುವ ಮುನ್ನ ತೊಳೆಯುವ ಹೊಣೆ ಸಹಾಯಕಿಯ ಕೆಲಸದ ಪಟ್ಟಿಯಲ್ಲಿ ಇರಲಿ.

ಕತ್ತಲೆ ಎರಡನೆಯದು. ಹತ್ತಿ ಬಿಡಿಸುವ ಭರಾಟೆಯ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರಕ್ಕೂ ಮೊದಲೇ. ಕೇಂದ್ರದಿಂದ ಕೇರಿಯವರೆಗಿನ ದಾರಿಯಲ್ಲಿ ಬೀದಿದೀಪ ಉರಿಯುತ್ತವೆಯೇ ಎಂದು ಒಂದು ಸಂಜೆ ನಡೆದು ನೋಡಿ, ಕೆಟ್ಟ ಕಂಬಗಳ ಸಂಖ್ಯೆ ಬರೆದು ಅದೇ ಗ್ರಾಮ ಸಭೆಯಲ್ಲಿ ಕೊಡಿ. ಯಾವ ಮಗುವನ್ನು ಯಾರು ಕರೆದೊಯ್ಯಬಹುದು ಎಂದು ಎರಡೆರಡು ಹೆಸರು ದಾಖಲಾತಿ ಪುಸ್ತಕದಲ್ಲಿ ಇರಬೇಕು. ಹನ್ನೊಂದು ವರ್ಷದ ಅಕ್ಕ ಕರೆದೊಯ್ಯುವುದು ನಮ್ಮಲ್ಲಿ ಸಹಜ, ಅದಕ್ಕೂ ತಾಯಿಯ ಸಹಿ ಇರಲಿ.

ಮೂರನೆಯದನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಕೋಣೆ ಯಾವ ಓಣಿಯಲ್ಲಿದೆ, ಗುಗ್ಗರಿ ಬೇಯಿಸುವವರು ಯಾರು ಎಂಬುದರ ಮೇಲೆ ಯಾವ ಮಕ್ಕಳು ಬರುತ್ತಾರೆ ಎಂಬುದು ತೀರ್ಮಾನವಾಗಿಬಿಡುತ್ತದೆ. ಗೌಡರ ಓಣಿಯ ಸಮುದಾಯ ಭವನದಲ್ಲಿ ಇಟ್ಟರೆ ಕೇರಿಯ ಮಕ್ಕಳು ಹೊಸ್ತಿಲ ಹೊರಗೇ ನಿಲ್ಲುತ್ತಾರೆ. ಎಲ್ಲರೂ ಕೂತು ಅಭ್ಯಾಸವಿರುವ ಶಾಲೆಯ ಕೋಣೆಯೇ ಮೇಲು. ಇಬ್ಬರು ಆರೈಕೆದಾರರಲ್ಲಿ ಒಬ್ಬರಾದರೂ ಪರಿಶಿಷ್ಟ ಸಮುದಾಯದವರಿರಲಿ, ಆಯ್ಕೆಯ ನಡವಳಿಯಲ್ಲೇ ಅದು ಸ್ಪಷ್ಟವಾಗಿ ಇರಲಿ.

ಆರೈಕೆದಾರರ ಆಯ್ಕೆಯಲ್ಲಿ ಇನ್ನೊಂದು ಮಾತು. ಹತ್ತಿ ಬಿಡಿಸುವ ಕೂಲಿ ಕೆ.ಜಿ. ಲೆಕ್ಕದ್ದು; ನಾಲ್ಕು ಗಂಟೆಗೆ ಹೊಲದಿಂದ ಎದ್ದು ಬರುವವರಿಗೆ ಒಳ್ಳೆಯ ಎರಡು ತಾಸು ಕೈತಪ್ಪುತ್ತದೆ. ನವೆಂಬರಿನಿಂದ ಜನವರಿವರೆಗೆ ಆರೈಕೆದಾರರೇ ಕಾಣೆಯಾಗುವುದು ಇದಕ್ಕಾಗಿ. ಮನೆಯಲ್ಲೇ ಹೊಲಿಗೆ ಮಾಡುವವರು, ಪಿಯುಸಿ ಮುಗಿಸಿ ಊರಲ್ಲಿರುವ ಹೆಣ್ಣುಮಕ್ಕಳು, ನಿವೃತ್ತ ಅಡುಗೆಯವರು ಇದಕ್ಕೆ ಸರಿ. ಅಂಗನವಾಡಿ ಕಾರ್ಯಕರ್ತೆಯ ಮೇಲೆ ಹೊರಿಸಬೇಡಿ, ಅವರ ರಿಜಿಸ್ಟರುಗಳೇ ಸಾಕಷ್ಟಿವೆ. ನೇಮಕಕ್ಕೆ ಮುನ್ನ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಮಾಡಿಸಿ, ಗಂಡಸಾಗಲಿ ಹೆಂಗಸಾಗಲಿ. ಮಕ್ಕಳ ಸಹಾಯವಾಣಿ 1098 ಸಂಖ್ಯೆ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ದೂರು ಕೊಡದಿರುವುದೇ ಅಪರಾಧ. ತರಬೇತಿಯ ಐದು ದಿನದಲ್ಲಿ ಒಂದು ದಿನ ಇದಕ್ಕೇ ಇಡಿ.

ಮತ್ತು ಟ್ಯೂಷನ್. ಎರಡನೇ ತಿಂಗಳಿಗೆ ಸದಸ್ಯರೊಬ್ಬರು ಬಂದು ‘ಬರೀ ಆಡಿಸ್ತೀರಿ, ಮಗ್ಗಿ ಹೇಳಿಸ್ರಿ’ ಎನ್ನುತ್ತಾರೆ. ಆರು ತಾಸು ಬೆಂಚಿನ ಮೇಲೆ ಕೂತು ಬಂದ ಮಗು ಅದು. ತಿಂದು ಕೈ ತೊಳೆಯಲು 20 ನಿಮಿಷ, ಹೊರಗಿನ ಆಟ 40, ಹೋಂವರ್ಕ್ 40, ಉಳಿದ ಹೊತ್ತು ಪುಸ್ತಕ, ಕೇರಂ, ಹಾಡು. ಹೋಂವರ್ಕ್ 40 ದಾಟಿದರೆ ಸಣ್ಣ ಮಕ್ಕಳು ಬರುವುದನ್ನು ಬಿಡುತ್ತಾರೆ, ಅವರ ಹಿಂದೆ ಅಕ್ಕಂದಿರೂ.

ಖರೀದಿಯ ವೇಳೆಯೂ ಮುಖ್ಯ. ಮಾರ್ಚ್ ಕೊನೆಯಲ್ಲಿ ‘ಹಣ ಹಿಂದಕ್ಕೆ ಹೋಗುತ್ತದೆ’ ಎಂಬ ಗಡಿಬಿಡಿಯಲ್ಲಿ ಡೆಸ್ಕು, ಫ್ಯಾನು ಬರುತ್ತವೆ. ಏಪ್ರಿಲ್ ಎರಡನೇ ವಾರ ಶಾಲೆಗೆ ಬೇಸಿಗೆ ರಜೆ. ಎರಡು ತಿಂಗಳು ಬೀಗದ ಕೋಣೆಯಲ್ಲಿ ಬಿದ್ದಿದ್ದು ಜೂನ್‌ಗೆ ತೆರೆದರೆ ಫ್ಯಾನಿನ ವಾರಂಟಿಯ ಎರಡು ತಿಂಗಳು ಹೋಗಿರುತ್ತದೆ, ಜಮಖಾನೆಯನ್ನು ಇಲಿ ಕಡಿದಿರುತ್ತದೆ. ಆಗಸ್ಟ್-ಸೆಪ್ಟೆಂಬರಿನಲ್ಲಿ ಮೂರು ಕೊಟೇಶನ್ ಪಡೆದು ಖರೀದಿಸಿ, ದಸರಾ ರಜೆಗೆ ಮುನ್ನ ಎರಡು ವಾರ ನಡೆಸಿ ನೋಡಿ. ಏನು ಕೈಕೊಡುತ್ತದೆ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ, ರಜೆಯಲ್ಲಿ ಸರಿಪಡಿಸಬಹುದು.

ಅನುದಾನ ಕಂತಿನಲ್ಲಿ ಬಂದರೆ ಎರಡನೇ ಕಂತಿಗೆ ಹಣ ಬಳಕೆ ಪ್ರಮಾಣಪತ್ರ ಬೇಕು. ಅದಕ್ಕೆ ಬೇಕಾಗುವುದು ಜಿಎಸ್‌ಟಿ ಇರುವ ಬಿಲ್ಲು, ದಾಸ್ತಾನು ಪುಸ್ತಕದ ಪುಟ ಸಂಖ್ಯೆ, ದಿನಾಂಕ ಮತ್ತು ಸ್ಥಳ ಕಾಣುವ ಫೋಟೊ. ಸಂತೆಯಲ್ಲಿ ಕೊಂಡ ಶೇಂಗಾಕ್ಕೆ ಬಿಲ್ಲು ಇರುವುದಿಲ್ಲವಾದ್ದರಿಂದ ಉಪಾಹಾರವನ್ನು ಅನುದಾನದಲ್ಲಿ ತೋರಿಸದೆ ಒಕ್ಕೂಟದ ಖಾತೆಯಲ್ಲಿ, ಇಬ್ಬರ ಸಹಿಯ ವೋಚರಿನಲ್ಲಿ ಇಟ್ಟುಕೊಳ್ಳಿ.

ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆಯ ಓಣಿಗಳ ಲೆಕ್ಕ ಸ್ವಲ್ಪ ಬೇರೆ. ತಾಯಿ ಮನೆಯಲ್ಲೇ ಇರುತ್ತಾಳೆ, ಆದರೆ ಮಿಷನ್ ಮೇಲೆ. ಮಗು ದಾರ ಕತ್ತರಿಸುತ್ತ, ಗುಂಡಿ ಎಣಿಸುತ್ತ ಪಕ್ಕದಲ್ಲಿ. ‘ದೊಡ್ಡವರು ಮನೆಯಲ್ಲಿದ್ದಾರಾ’ ಎಂಬ ಮೊದಲ ಪ್ರಶ್ನೆಗೆ ಇಲ್ಲಿ ‘ಹೌದು’ ಬರುತ್ತದೆ, ಅಷ್ಟಕ್ಕೇ ಆ ಮನೆಯನ್ನು ಪಟ್ಟಿಯಿಂದ ಬಿಡಬೇಡಿ. ಇಲ್ಲಿ ಪಂಚಾಯಿತಿಯ ಬದಲು ಪಾಲಿಕೆ, ಕೋಣೆಗೆ ವಾರ್ಡಿನ ಸರ್ಕಾರಿ ಶಾಲೆ.

ಕೊನೆಗೆ ಕಾಗದದ ಕೆಲವು ಕೆಲಸ. ಗ್ಯಾಸ್ ಸಂಪರ್ಕ, ಬೀರು, ಪಾತ್ರೆ ಎಲ್ಲವೂ ಪಂಚಾಯಿತಿಯ ಅಥವಾ ಒಕ್ಕೂಟದ ಹೆಸರಲ್ಲಿರಲಿ, ಆರೈಕೆದಾರರ ಹೆಸರಲ್ಲಿ ಬೇಡ. ಅವರು ಮದುವೆಯಾಗಿ ಹೋದರೆ ಸಿಲಿಂಡರೂ ಹೋಗುತ್ತದೆ. ಶಾಲೆಯ ಮೀಟರಿನಿಂದ ಕರೆಂಟು ಎಳೆದರೆ ಬಿಲ್ಲಿನ ಜಗಳ ತಪ್ಪಿದ್ದಲ್ಲ. ಕೋಣೆಗೆ ಒಂದು ಸಬ್‌ಮೀಟರ್ ಹಾಕಿಸಿ, ತಿಂಗಳ ಯೂನಿಟ್ ಬರೆದು, ಆ 350 ರೂಪಾಯಿಯನ್ನು ಶಾಲೆಯ ಖಾತೆಗೆ ಕಟ್ಟಿ ರಸೀದಿ ಪಡೆಯಿರಿ.